ಯಾರನ್ನೂ ಕೇಳದೆ ಹೇಳಿದ ಅರ್ಥ

ಲಿಂಗಸುಗೂರು
12 ಜುಲೈ 2022

ಚಿ. ಮೌನೇಶ್ವರಿಗೆ ಆಶೀರ್ವಾದಗಳು.

ಹೋದ ವಾರ ಮಸ್ಕಿ ಬಸ್ ನಿಲ್ದಾಣದಲ್ಲಿ ನೀನಾಗಿ ಗುರುತು ಹಿಡಿದು ಮಾತಾಡಿಸದಿದ್ದರೆ ನಾನು ಹಾಗೇ ದಾಟಿ ಹೋಗುತ್ತಿದ್ದೆ. ನೀನು ನನ್ನ ತರಗತಿ ಬಿಟ್ಟು ಹದಿನಾಲ್ಕು ವರ್ಷವಾಯಿತಲ್ಲವೇ! ನೀನು ಸಿಂಧನೂರಿನಲ್ಲಿ ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯಲ್ಲಿದ್ದೇನೆ ಎಂದೆ, ಬಳಗಾನೂರಿನಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ ಎಂದೆ. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಮಾತು ಅರ್ಧಕ್ಕೇ ನಿಂತಿತು.

ಮನೆಗೆ ಬಂದ ಮೇಲೆ ನಮ್ಮ ಶನಿವಾರದ ಆಟ ನೆನಪಾಯಿತು. ಒಂಬತ್ತನೇ ತರಗತಿಯ ಬೋರ್ಡಿನ ಮೇಲೆ ಯಾರೂ ಕೇಳಿರದ ಒಂದು ಇಂಗ್ಲಿಷ್ ಪದ ಬರೆಯುತ್ತಿದ್ದೆ. ಸೋಮವಾರ ಎಲ್ಲರೂ ಅದರ ಅರ್ಥ ಊಹಿಸಿಕೊಂಡು ಬರಬೇಕು. ಉಳಿದವರು ಬಾಯಿಗೆ ಬಂದದ್ದು ಹೇಳಿ ಕೂರುತ್ತಿದ್ದರು. ನೀನು ಎದ್ದು ನಿಂತು ಹೇಳಿದ ಅರ್ಥ ಕೇಳಿದರೆ, ಡಿಕ್ಷನರಿಯೇ ತಪ್ಪೇನೋ ಅನ್ನಿಸುತ್ತಿತ್ತು. ಮೂವತ್ತು ವರ್ಷದ ಮೇಷ್ಟ್ರಿಕೆಯಲ್ಲಿ ಅಂಥ ತಲೆ ಇನ್ನೊಂದು ಸಿಗಲಿಲ್ಲ.

ಈಗ ನಿವೃತ್ತ. ಬೆಳಿಗ್ಗೆ ವಾಕಿಂಗ್, ಆಮೇಲೆ ಪೇಪರು, ಆಮೇಲೆ ಮತ್ತೆ ಅದೇ ಪೇಪರು. ಆ ಆಟವನ್ನು ಪತ್ರದಲ್ಲಿ ಮತ್ತೆ ಶುರು ಮಾಡೋಣವೇ? ಫೋನ್ ಬೇಡ. ಫೋನ್ ಕೈಯಲ್ಲಿದ್ದರೆ ಬೆರಳು ತಾನಾಗಿ ಅರ್ಥ ಹುಡುಕಲು ಹೋಗುತ್ತದೆ. ನಿಯಮ ಹಳೆಯದೇ: ಡಿಕ್ಷನರಿ ನೋಡಬಾರದು, ಯಾರನ್ನೂ ಕೇಳಬಾರದು. ಪದದ ಸದ್ದು ಕೇಳಿ ತಲೆಗೆ ಹೊಳೆದದ್ದನ್ನು ಬರೆಯಬೇಕು.

ಮೊದಲ ಪದ: ಗಾಂಗೂಜ್ಲರ್.

ಶುಭವಾಗಲಿ,
ವಿರೂಪಾಕ್ಷಪ್ಪ


ಸಿಂಧನೂರು
27 ಜುಲೈ 2022

ಪೂಜ್ಯ ಗುರುಗಳಿಗೆ ಮೌನೇಶ್ವರಿಯ ನಮಸ್ಕಾರಗಳು.

ಸರ್, ಅಂಚೆಯವನು ಅಂಗಡಿ ಬಾಗಿಲಲ್ಲಿ ನಿಂತು ನನ್ನ ಹೆಸರು ಕೂಗಿದಾಗ ನಮ್ಮ ಮಾಲೀಕರು ಕೋರ್ಟಿನ ನೋಟಿಸ್ ಬಂತೆಂದೇ ತಿಳಿದರು. ಈ ಕಾಲದಲ್ಲಿ ಕೈಬರಹದ ಕಾಗದ ಯಾರು ಬರೆಯುತ್ತಾರೆ ಸರ್? ನಿಮ್ಮ ಅಕ್ಷರ ಕಂಡದ್ದೇ ತಡ, ಬೆನ್ನು ನೆಟ್ಟಗೆ ಮಾಡಿ ಕೂತೆ. ಒಂಬತ್ತನೇ ತರಗತಿಯ ಅಂಜಿಕೆ ಇನ್ನೂ ಹೋಗಿಲ್ಲ.

ದಿನಕ್ಕೆ ಐವತ್ತು ಜನರ ಹೆಸರು, ಅವರ ತಂದೆಯ ಹೆಸರು, ಊರು, ಜಾತಿ ಟೈಪ್ ಮಾಡುತ್ತೇನೆ. ನಿನಗೇನು ಅನ್ನಿಸುತ್ತದೆ ಎಂದು ನನ್ನನ್ನು ಯಾರೂ ಕೇಳುವುದಿಲ್ಲ. ನೀವು ಕೇಳಿದಿರಿ. ಅದಕ್ಕೇ ಬರೆಯುತ್ತಿದ್ದೇನೆ.

ಗಾಂಗೂಜ್ಲರ್: ಹೆಂಗಸರು ಬಗ್ಗಿ ಭತ್ತದ ನಾಟಿ ಹಚ್ಚುವಾಗ ಬದುವಿನ ಮೇಲೆ ಟವೆಲ್ ಹೊದ್ದು ನಿಂತು, ಕೈಗೆ ಕೆಸರು ತಾಗಿಸಿಕೊಳ್ಳದೆ, "ಆ ಸಾಲು ಸೊಟ್ಟ ಆಗೈತಿ ನೋಡ್ರಿ" ಎಂದು ಕೂಗುವವನು. ಸಂಜೆ ಮನೆಗೆ ಹೋಗಿ "ಸೊಂಟ ಹಿಡಕೊಂಡೈತಿ" ಎನ್ನುವವನೂ ಅವನೇ.

ನಿಯಮ ಮುರಿದಿಲ್ಲ ಸರ್. ಯಾರನ್ನೂ ಕೇಳಿಲ್ಲ.

ನಿಮ್ಮ ಶಿಷ್ಯೆ,
ಮೌನೇಶ್ವರಿ


ಲಿಂಗಸುಗೂರು
16 ಆಗಸ್ಟ್ 2022

ಚಿ. ಮೌನೇಶ್ವರಿ,

ನಿನ್ನ ಕಾಗದ ಓದಿ ಒಬ್ಬನೇ ನಕ್ಕೆ. ಪಕ್ಕದ ಮನೆಯವರು ಕಿಟಕಿಯಿಂದ ಇಣುಕಿ ನೋಡಿದರು. ಗಾಂಗೂಜ್ಲರ್ ಎಂದರೆ ಕಾಲುವೆಯ ದಂಡೆ ಮೇಲೆ ಕೆಲಸವಿಲ್ಲದೆ ನಿಂತು ಹೋಗಿ ಬರುವ ದೋಣಿ ನೋಡುವವನು. ಅಲ್ಲಿಯದು ದೋಣಿ, ನಮ್ಮದು ಭತ್ತ. ಕಾಲುವೆ ಅದೇ, ಸೋಮಾರಿಯೂ ಅವನೇ! ಎಂಬತ್ತು ಅಂಕ ಕೊಟ್ಟಿದ್ದೇನೆ. ನಿನ್ನ ಊಹೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ.

ಒಂದು ಅನುಮಾನ. ಮೇಜಿನ ಮುಂದೆ ಕೂರುವ ನಿನಗೆ ಬದುವಿನ ಮೇಲಿನವನು ಇಷ್ಟು ಚೆನ್ನಾಗಿ ಹೇಗೆ ಗೊತ್ತು? ನೀನು ಯಾವಾಗ ಗದ್ದೆಗೆ ಇಳಿದೆ?

ಮುಂದಿನ ಪದ: ಬಾರ್ಬರಿಗ್ಮಸ್.

ವಿರೂಪಾಕ್ಷಪ್ಪ


ಸಿಂಧನೂರು
3 ನವೆಂಬರ್ 2022

ಗುರುಗಳಿಗೆ ನಮಸ್ಕಾರ.

ತಡವಾಯಿತು, ಸಿಟ್ಟಾಗಬೇಡಿ. ವಿದ್ಯಾರ್ಥಿವೇತನದ ಅರ್ಜಿಗಳ ಕಾಲ ಇದು. ಮೂತ್ರಕ್ಕೆ ಹೋಗಲೂ ಪುರುಸೊತ್ತಿಲ್ಲ.

ಗದ್ದೆಗೆ ಇಳಿದಿಲ್ಲ ಸರ್. ದಿನಾ ಬಸ್ಸಿನ ಕಿಟಕಿಯಿಂದ ನೋಡುತ್ತೇನಲ್ಲ, ಅಷ್ಟು ಸಾಕು.

ಬಾರ್ಬರಿಗ್ಮಸ್: ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ಸಾಲಿನಲ್ಲಿ ಬಗ್ಗಿ ನಿಂತ ಹೆಂಗಸಿನ ಹೊಟ್ಟೆ ಆಡುವ ಮಾತು. ಪಕ್ಕದಾಕೆಯ ಹೊಟ್ಟೆ ಅದನ್ನು ಕೇಳಿ ತಾನೂ ಉತ್ತರ ಕೊಡುತ್ತದೆ. ಹೀಗೆ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಮಾತುಕತೆ ಮುಟ್ಟಿದಾಗ ಯಾರಾದರೂ ಒಬ್ಬಳು ಸೆರಗು ಕೊಡವಿ, "ನಡೀರ್‍ಯವ್ವ, ಇವು ನಮ್ಮ ಮರ್ಯಾದಿ ಕಳಿತಾವು" ಎನ್ನುತ್ತಾಳೆ.

ಸರ್, ಒಂದು ಮಾತು ಹೇಳಲೇ? ಬಿ.ಎ. ಮುಗಿಸಿ ಎಂಟು ವರ್ಷವಾಯಿತು. ಎಲ್ಲರೂ ನನಗೆ ಟೈಪಿಂಗ್ ವೇಗ ಎಷ್ಟು ಎಂದೇ ಕೇಳಿದರು. ನನ್ನೊಳಗೆ ಏನೋ ಇದೆ ಎಂದವರು ನೀವೊಬ್ಬರೇ. ಈ ಆಟ ನಿಲ್ಲಿಸಬೇಡಿ.

ಮೌನೇಶ್ವರಿ


ಲಿಂಗಸುಗೂರು
19 ಫೆಬ್ರವರಿ 2024

ಚಿ. ಮೌನೇಶ್ವರಿ,

ಕಳೆದ ವರ್ಷವಿಡೀ ತಿಂಗಳಿಗೆ ಎರಡು ಮೂರರಂತೆ ಕಾಗದ ಓಡಾಡಿ, ಹೋದ ತಿಂಗಳ ನಿನ್ನ ಮಂಪ್ಸಿಮಸ್ ಊಹೆಯೊಂದಿಗೆ ನಮ್ಮ ಲೆಕ್ಕ ನಲವತ್ತೊಂದು ಪದಕ್ಕೆ ಬಂತು. ಅದರ ನಿಜವಾದ ಅರ್ಥ ಹೇಳುತ್ತೇನೆ ಕೇಳು: ತಪ್ಪು ಎಂದು ತೋರಿಸಿಕೊಟ್ಟ ಮೇಲೂ ಅದನ್ನೇ ಹಿಡಿದು ಕೂರುವ ಹಟಮಾರಿ. ನಿನ್ನ ಊಹೆ ಇದಕ್ಕಿಂತ ಎಷ್ಟೋ ರುಚಿಯಾಗಿದೆ.

ಈ ಸಲ ಹೊಸ ಪದವಿಲ್ಲ, ಕರೆ ಇದೆ. ಮಾರ್ಚ್ ಎರಡು, ಶನಿವಾರ ಸಂಜೆ ಮಸ್ಕಿಯ ಕಲ್ಯಾಣ ಮಂಟಪದಲ್ಲಿ ಒಂದು ಸಣ್ಣ ಸಮಾರಂಭ. ಏನು ಎತ್ತ ಎಂದು ಈಗ ಹೇಳುವುದಿಲ್ಲ, ನೀನೇ ಬಂದು ನೋಡು. ನಿನ್ನ ತಾಯಿಯನ್ನೂ ಕರೆದುಕೊಂಡು ಬಾ. ಮುಂದಿನ ಸಾಲಿನಲ್ಲಿ ಇಬ್ಬರಿಗೂ ಕುರ್ಚಿ ಹಿಡಿಸಿರುತ್ತೇನೆ.

ವಿರೂಪಾಕ್ಷಪ್ಪ


ಸಿಂಧನೂರು
4 ಮಾರ್ಚ್ 2024

ವಿರೂಪಾಕ್ಷಪ್ಪನವರಿಗೆ,

ನಮಸ್ಕಾರ ಬರೆಯಲು ಕೈ ಬರುತ್ತಿಲ್ಲ. ಮುಂದಿನ ಸಾಲಿನ ಕುರ್ಚಿ ಸಿಕ್ಕಿತು. ಚಪ್ಪಾಳೆಯನ್ನೂ ಮುಂದಿನ ಸಾಲಿನಲ್ಲೇ ಕೂತು ತಟ್ಟಬೇಕೆಂದು ಕರೆದಿರಾ?

ಬಿಡುಗಡೆಯಾದ ಪುಸ್ತಕದ ರಟ್ಟಿನ ಮೇಲೆ ನಿಮ್ಮ ಫೋಟೊ. ಹೆಸರು "ಮೇಷ್ಟ್ರ ನಿಘಂಟು". ಮೊದಲ ಪುಟದಲ್ಲಿ, "ಈ ಅರ್ಥಗಳೆಲ್ಲ ನನ್ನ ಏಕಾಂತದ ಫಲ" ಎಂದು ಬರೆದುಕೊಂಡಿದ್ದೀರಿ. ಏಕಾಂತವಂತೆ! ಹಾಗಾದರೆ ನಲವತ್ತೊಂದು ಸಲ ಅಂಚೆಚೀಟಿ ಅಂಟಿಸಿದ ನಾನು ಯಾರು?

ನೀವು ಮೈಕ್ ಹಿಡಿದು ಓದಿದಿರಿ. "ಮಂಪ್ಸಿಮಸ್: ಬಾಯಿತುಂಬ ಎಲೆ ಅಡಿಕೆ ತುರುಕಿಕೊಂಡು, ಉಗುಳಲು ಜಾಗವಿಲ್ಲದೆ, ನುಂಗಲು ಮನಸ್ಸಿಲ್ಲದೆ, ಅದೇ ಬಾಯಲ್ಲಿ ಪಂಚಾಯಿತಿ ನ್ಯಾಯ ಹೇಳುವ ದೊಡ್ಡ ಮನುಷ್ಯ." ಮಂಟಪವೆಲ್ಲ ಬಿದ್ದು ಬಿದ್ದು ನಕ್ಕಿತು. ಅಲ್ಪವಿರಾಮವೂ ನಾನು ಹಾಕಿದಲ್ಲೇ ಇತ್ತು. ಆಮೇಲೆ ಗಾಂಗೂಜ್ಲರ್ ಓದಿದಿರಿ. ಅಧ್ಯಕ್ಷರು, "ಏನ್ರಿ ಮೇಷ್ಟ್ರ, ನೀವು ಯಾವಾಗ ನಾಟಿ ಹಚ್ಚಾಕ ಹೋಗಿದ್ರಿ?" ಎಂದು ಕೇಳಿದರು. ಆಗಲಾದರೂ ನನ್ನ ಕಡೆ ಕೈ ತೋರಿಸುತ್ತೀರಿ ಎಂದು ಸೆರಗು ಸರಿಮಾಡಿಕೊಂಡು ಕೂತೆ ಸರ್, ನಾನೆಂಥ ಹುಚ್ಚಿ! ನೀವು ನಕ್ಕು, "ನೋಡೋ ಕಣ್ಣಿದ್ರ ಸಾಕ್ರಿ" ಎಂದಿರಿ.

ಅವ್ವ ಪಕ್ಕದಲ್ಲಿ ಏನೋ ಅಂದಳು. ಅದು ಬಿಡಿ.

ನನ್ನ ಹತ್ತಿರ ಹೊಲವಿಲ್ಲ, ಸರ್ಕಾರಿ ನೌಕರಿಯಿಲ್ಲ, ಆ ನಲವತ್ತೊಂದು ಮಾತು ಇದ್ದವು. ಅವುಗಳ ಕೆಳಗೆ ನನ್ನ ಹೆಸರು ಬರೆಯಲು ನಿಮಗೇನು ಕಷ್ಟವಿತ್ತು? ಮೈಯೆಲ್ಲ ಉರಿಯುತ್ತಿದೆ. ಅಪ್ಪನ ಜಾಗದಲ್ಲಿ ಇಟ್ಟು ನಂಬಿದ್ದೆ ನಿಮ್ಮನ್ನು.

ಮೌನೇಶ್ವರಿ


ಲಿಂಗಸುಗೂರು
20 ಮಾರ್ಚ್ 2024

ಚಿ. ಮೌನೇಶ್ವರಿ,

ನಿನ್ನ ಕಾಗದದ ಧಾಟಿ ನೋಡಿ ಎರಡು ದಿನ ಊಟ ಸೇರಲಿಲ್ಲ. ಮೇಷ್ಟ್ರಿಗೆ ಹೀಗೆ ಬರೆಯುವುದನ್ನು ನಾನು ನಿನಗೆ ಕಲಿಸಿರಲಿಲ್ಲ.

ಸ್ವಲ್ಪ ಸಮಾಧಾನದಿಂದ ಯೋಚಿಸು. ಆ ಪದಗಳನ್ನು ಹುಡುಕಿ ಆರಿಸಿದವನು ಯಾರು? ನಾನು ಪದ ಕೊಡದಿದ್ದರೆ ನಿನ್ನ ಊಹೆ ಎಲ್ಲಿಂದ ಹುಟ್ಟುತ್ತಿತ್ತು? ಕಾಗುಣಿತ ತಿದ್ದಿದೆ, ನೋಟ್‌ಬುಕ್ಕಿಗೆ ಇಳಿಸಿದೆ, ಪ್ರೆಸ್ಸಿಗೆ ಹತ್ತು ಸಲ ಅಲೆದೆ. ಇದು ನಮ್ಮಿಬ್ಬರ ಆಟ. ಆಟದ ಯಜಮಾನನ ಹೆಸರಿನಲ್ಲಿ ಪುಸ್ತಕ ಬಂತು, ಅಷ್ಟೇ.

ಇನ್ನೊಂದು ವಿಷಯ. ನಿನ್ನ ಹೆಸರು ಹಾಕಬೇಕೆಂದು ನನಗೂ ಒಮ್ಮೆ ಅನ್ನಿಸಿತ್ತು. ಆದರೆ ಮದುವೆಯಾಗದ ಹುಡುಗಿ ಎರಡು ವರ್ಷ ಒಬ್ಬ ಮೇಷ್ಟ್ರಿಗೆ ಪತ್ರ ಬರೆದಳು ಎಂದರೆ ಜನ ಏನೆಂದುಕೊಳ್ಳುತ್ತಾರೆ? ನಿನ್ನ ಒಳ್ಳೆಯದಕ್ಕೇ ಬಿಟ್ಟೆ.

ವಿರೂಪಾಕ್ಷಪ್ಪ


ಸಿಂಧನೂರು
2 ಏಪ್ರಿಲ್ 2024

ವಿರೂಪಾಕ್ಷಪ್ಪನವರಿಗೆ,

ನನ್ನ ಒಳ್ಳೆಯದನ್ನು ನಿಮಗೆ ಯಾರು ಒಪ್ಪಿಸಿದ್ದರು? ಪತ್ರ ಬರೆ ಎಂದಾಗ ನನ್ನ ಮದುವೆಯ ಯೋಚನೆ ಬರಲಿಲ್ಲ, ಹೆಸರು ಹಾಕುವಾಗ ಬಂತೇ? ಭಲೇ!

ಮಂಪ್ಸಿಮಸ್‌ಗೆ ಡಿಕ್ಷನರಿ ಏನು ಹೇಳುತ್ತದೆಂದು ನೀವೇ ನನಗೆ ಬರೆದಿದ್ದಿರಿ. ಕನ್ನಡಿಯ ಮುಂದೆ ನಿಂತು ಓದಿಕೊಳ್ಳಿ. ಮತ್ತೊಬ್ಬರ ಬಾಯಲ್ಲಿ ಹುಟ್ಟಿದ ಮಾತನ್ನು, ಅವರ ಹೆಸರು ಅಳಿಸಿ, ತನ್ನದು ಎಂದು ಬರೆದುಕೊಳ್ಳುವುದಕ್ಕೆ ಇಂಗ್ಲಿಷಿನ ದೊಡ್ಡ ಪದ ಬೇಕಿಲ್ಲ. ನಮ್ಮ ಕಡೆ ಕಳವು ಅನ್ನುತ್ತಾರೆ. ಬರೆದವರು ಎಷ್ಟು ದೊಡ್ಡವರಿದ್ದರೂ ಅದೇ ಅನ್ನುತ್ತಾರೆ.

ಇನ್ನು ಮುಂದೆ ನನಗೆ ಪದ ಕಳಿಸಬೇಡಿ.

ಮೌನೇಶ್ವರಿ


ಲಿಂಗಸುಗೂರು
14 ಜೂನ್ 2024

ಮೌನೇಶ್ವರಿ,

ಪದ ಕಳಿಸಬೇಡಿ ಎಂದು ನೀನು ಬರೆದಿದ್ದೆ. ಆದರೂ ಈ ಕಾಗದ ಬರೆಯಲೇಬೇಕು.

ಕಳವು ಎಂದು ಬರೆದೆಯಲ್ಲ. ಎರಡು ತಿಂಗಳು ನಿನ್ನನ್ನು ಬೈದುಕೊಂಡೆ. ಆಮೇಲೆ ಬೈಯಲು ಕಾರಣ ಸಿಗಲಿಲ್ಲ. ನೀನು ಹೇಳಿದ್ದು ಸರಿ. ಹೊಗಳಿಕೆಯ ಆಸೆ ಇತ್ತು ನನಗೆ. ಮೂವತ್ತು ವರ್ಷ ಬೇರೆಯವರ ಪಾಠ ಓದಿಸಿದವನಿಗೆ ಒಂದು ಸಲ ನನ್ನ ಮಾತಿಗೆ ಜನ ನಗಲಿ ಅನ್ನಿಸಿತು. ಪ್ರೆಸ್ಸಿನಲ್ಲಿ ಉಳಿದ ಪ್ರತಿಗಳನ್ನು ನಿಲ್ಲಿಸಿದ್ದೇನೆ. ನಿನ್ನ ಹೆಸರಿನ ಹೊಸ ರಟ್ಟು ಮಾಡಿಸಿದೆ. ಅದನ್ನೂ ನಿನ್ನ ನಲವತ್ತೊಂದು ಪತ್ರಗಳನ್ನೂ ಕೈಯಾರೆ ಕೊಟ್ಟು ತಪ್ಪಾಯಿತು ಎನ್ನಬೇಕೆಂದು ಮೊನ್ನೆ ಬುಧವಾರ ಬಳಗಾನೂರಿಗೆ ಹೋದೆ.

ನೀನು ಅಂಗಡಿಗೆ ಹೋಗಿದ್ದೆ. ನಿನ್ನ ತಾಯಿ ಮುದುಕಮ್ಮ ಒಬ್ಬರೇ ಇದ್ದರು. ಕಾಲುವೆಗೆ ಇನ್ನೂ ನೀರು ಬಿಟ್ಟಿಲ್ಲ, ನಾಟಿ ಕೆಲಸವಿಲ್ಲ ಎಂದರು. ಮೊದಲು ಮುಖ ಬಿಗಿದುಕೊಂಡೇ ಮಾತಾಡಿದರು. ಆಮೇಲೆ ಹೊರಸು ಹಾಕಿ ಕೂರಿಸಿ, ಚಹಾಕ್ಕೆ ಇಟ್ಟು, ಕಾಗದದ ಕಟ್ಟು ನೋಡಿ ಹೇಳಿದರು:

"ಅವೆಲ್ಲ ನಮ್ಮಾಕಿ ಬರದಿದ್ದೇನ್ರಿ? ಒಂದೆರಡು ಓದ್ರೆಲಾ ಸರ. ನಂಗ ಓದಾಕ ಬರಂಗಿಲ್ಲ."

ಗಾಂಗೂಜ್ಲರ್ ಓದಿದೆ. "ಬದುವಿನ ಮೇಲೆ ಟವೆಲ್ ಹೊದ್ದು ನಿಂತು" ಎಂಬಲ್ಲಿಗೆ ಬಂದಿದ್ದೆ. ಒಲೆಯ ಮುಂದಿನಿಂದ ಅವರು ಮುಂದಿನ ಮಾತು ಹೇಳಿದರು. "ಸೊಂಟ ಹಿಡಕೊಂಡೈತಿ ಅಂತಾನ್ರಿ ಆ ಮೂಳ." ಬಾರ್ಬರಿಗ್ಮಸ್ ಎತ್ತಿಕೊಂಡೆ. ಅರ್ಧ ಓದುವಷ್ಟರಲ್ಲಿ ಅವರೇ ನಗುತ್ತಾ, "ನಡೀರ್‍ಯವ್ವ, ಇವು ನಮ್ಮ ಮರ್ಯಾದಿ ಕಳಿತಾವು" ಎಂದರು. ನಾಲ್ಕನೆಯದಕ್ಕೆ ನಾನು ಬರೀ ಇಂಗ್ಲಿಷ್ ಪದ ಅಂದೆ. ಅವರು ನಿನ್ನ ಕಾಗದದಲ್ಲಿರುವ ಉತ್ತರವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಕಾಗದ ನನ್ನ ಕೈಯಲ್ಲೇ ಇತ್ತು.

"ಇದೆಲ್ಲ ನೀವು ಹೇಳಿದ್ದೇನಮ್ಮ?" ಎಂದೆ.

"ಹೂನ್ರಿ. ಆಕಿ ಪದ ಅಂತಿದ್ಲು, ನಾ ಅರ್ಥ ಅಂತಿದ್ದೆ. ಆಕಿ ಸಾಲಿ ಕಲಿಯೋವಾಗಿಂದ ಹಂಗ ನಡದೈತಿ. ನೀವು ನನ್ನ ಹೆಸರು ಯಾಕ ಬಿಟ್ರಿ ಸರ? ಆಕಿ ಎಲ್ಲಾ ಕಾಗದದಾಗ ಬರದಿದ್ಲಂತಲ್ಲ, ನಮ್ಮವ್ವ ಹೇಳಿದ್ದು ಅಂತ. ಎಲ್ಲಿ ಬರದಾಳ, ಒಮ್ಮಿ ಬಟ್ಟಿಟ್ಟು ತೋರಸ್ರಿ. ನೋಡ್ತೀನಿ."

ಮೌನೇಶ್ವರಿ, ನಲವತ್ತೊಂದನ್ನೂ ತಿರುವಿದೆ. ಗೊತ್ತಿದ್ದರೂ ತಿರುವಿದೆ. ಓದಲು ಬಾರದವರಿಗೆ ಯಾವುದೋ ಒಂದು ಸಾಲು ತೋರಿಸಿ ಇದೇ ನೋಡಿ ನಿಮ್ಮ ಹೆಸರು ಎನ್ನಬಹುದಿತ್ತು. ಮನಸ್ಸಾಗಲಿಲ್ಲ. "ಇಲ್ಲಮ್ಮ, ಎಲ್ಲೂ ಬರೆದಿಲ್ಲ" ಎಂದೆ.

ಅವರು ಕಾಗದಗಳನ್ನು ಜೋಡಿಸಿ ನನ್ನ ಕಡೆ ಸರಿಸಿದರು. ಆಮೇಲೆ, "ಚಹಾ ಆರ್ತೈತಿ, ಕುಡೀರಿ" ಎಂದರು. ನಾನು ಏಳುವಾಗ ಬಾಗಿಲವರೆಗೆ ಬಂದು, "ನಂಗ ತಿಳಿದೈತಿ ಅಂತ ಆಕಿಗೆ ಹೇಳಬ್ಯಾಡ್ರಿ ಸರ. ಭಾಳ ಮನಸಿಗೆ ಹಚ್ಕೊಂತಾಳ" ಎಂದರು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಈಗ ಬರೆಯುತ್ತಿದ್ದೇನೆ. ಈ ತಪ್ಪೂ ನನ್ನ ಲೆಕ್ಕಕ್ಕೇ ಇರಲಿ.

ರಟ್ಟನ್ನು ವಾಪಸು ತಂದೆ. ಯಾರ ಹೆಸರು ಹಾಕಿಸಲಿ, ನೀನೇ ಬರೆ. ಜೊತೆಗೆ ನಲವತ್ತೆರಡನೆಯ ಪದ ಕಳಿಸುತ್ತಿದ್ದೇನೆ: ಏಪ್ರಿಸಿಟಿ. ಇದು ನಿನಗಲ್ಲ, ಅವರಿಗೆ. ಯಾರನ್ನೂ ಕೇಳಬಾರದೆಂಬ ನಿಯಮ ತೆಗೆದುಹಾಕಿದ್ದೇನೆ.

ವಿರೂಪಾಕ್ಷಪ್ಪ


ಸಿಂಧನೂರು
8 ಜುಲೈ 2024

ಸರ್,

ನಿಮ್ಮ ಕಾಗದವನ್ನು ಅಂಗಡಿಯ ಹಿಂದೆ, ಝೆರಾಕ್ಸ್ ಹಾಳೆಗಳ ಡಬ್ಬಿಯ ಮೇಲೆ ಕೂತು ಓದಿದೆ. ಮಾಲೀಕರು ಮೂರು ಸಲ ಕರೆದರು. ಏಳಲಿಲ್ಲ.

ನಾಚಿಕೆಯಾಗುತ್ತಿದೆ. ಬರೆದೇಬಿಡುತ್ತೇನೆ, ಇಲ್ಲದಿದ್ದರೆ ಮತ್ತೆ ಬರೆಯುವುದಿಲ್ಲ.

ಒಂಬತ್ತನೇ ತರಗತಿಯಿಂದಲೂ ಅವ್ವನದೇ. ಶನಿವಾರ ಮನೆಗೆ ಬಂದು ಒಲೆಯ ಮುಂದೆ ಕೂತು ಪದ ಹೇಳುತ್ತಿದ್ದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಇನ್ನೊಮ್ಮಿ ಅನ್ನು" ಎನ್ನುತ್ತಿದ್ದಳು. ಮೂರು ಸಲ ಹೇಳಿಸಿಕೊಂಡು, ಕಣ್ಣು ಮುಚ್ಚಿ, ಆ ಸದ್ದನ್ನು ಬಾಯಲ್ಲಿ ಹೊರಳಿಸಿ, ಅರ್ಥ ಹೇಳುತ್ತಿದ್ದಳು. ಮೊದಲ ಸೋಮವಾರವೇ ನೀವು ನನ್ನ ಬೆನ್ನು ತಟ್ಟಿ, "ಕೂಲಿಯವರ ಮಗಳಿಗೆ ಇಂಥ ತಲೆ ನೋಡ್ರೋ" ಎಂದು ಇಡೀ ತರಗತಿಗೆ ಹೇಳಿದಿರಿ. ಆ ತಲೆ ಕೂಲಿಯವಳದೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮುಂದಿನ ಸೋಮವಾರವೂ ಬರಲಿಲ್ಲ. ಆಮೇಲೆ ಅದು ನನ್ನದೇ ಎಂದು ನಾನೇ ನಂಬಿದೆ.

ಮಸ್ಕಿಯಲ್ಲಿ ಅವ್ವ ಏನೋ ಅಂದಳು, ಬಿಡಿ ಎಂದು ಬರೆದಿದ್ದೆನಲ್ಲ. ನೀವು ಮಂಪ್ಸಿಮಸ್ ಓದಿದಾಗ ಆಕೆ ನನ್ನ ಮೊಣಕೈ ಹಿಡಿದು, "ಲೇ, ಅದು ನಾ ಅಂದಿದ್ದಲ್ಲೇನ್ ಬೇ?" ಎಂದಳು. ಮುಖ ಅರಳಿತ್ತು ಸರ್. ಇಷ್ಟು ಜನ ತನ್ನ ಮಾತಿಗೆ ನಗುತ್ತಿದ್ದಾರೆ ಎಂದು ಖುಷಿಯಾಗಿದ್ದಳು. ನಾನು ತೊಡೆ ಚಿವುಟಿ, "ಸುಮ್ಮ ಕೂಡಬೇ" ಎಂದೆ. ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದಳು, "ಮೇಷ್ಟ್ರಿಗೆ ನನ್ನ ಹೆಸರು ಬರದಿದ್ದಿ ಇಲ್ಲ?" ನಾನು, "ಎಲ್ಲಾ ಕಾಗದದಾಗ ಬರದೀನಿ, ಅವರ ಬಿಟ್ಟಾರ" ಎಂದೆ. ಮೂರು ತಿಂಗಳು ಅವ್ವ ನಿಮ್ಮನ್ನು ಬೈದಳು. ನಾನು ಎದುರಿಗೆ ಕೂತು ಹೂಂ ಅಂದೆ.

ನಿಮಗೆ ಕಳವು ಎಂದು ಬರೆದವಳು ನಾನೇ. ನೀವು ಶಿಷ್ಯೆಗೆ ಮಾಡಿದಿರಿ. ನಾನು ಹೆತ್ತವಳಿಗೆ ಮಾಡಿದೆ, ಅದೂ ಹದಿನಾರು ವರ್ಷ.

ರಟ್ಟಿನ ಮೇಲೆ ಮುದುಕಮ್ಮ, ಬಳಗಾನೂರು ಎಂದು ಹಾಕಿಸಿ. ನನ್ನ ಹೆಸರು ಎಲ್ಲೂ ಬೇಡ. ಬರೆದುಕೊಂಡವಳು ಎಂದೂ ಬೇಡ.

ಇನ್ನು ನೀವು ಕಳಿಸಿದ ಪದ. ಆಕೆಗೆ ಗೊತ್ತಾಗಿದೆ ಎಂದು ನನಗೆ ಗೊತ್ತಿರುವುದನ್ನು ನಾನಿನ್ನೂ ಹೇಳಿಲ್ಲ. ಕಾಲಿಗೆ ಬೀಳಬೇಕೆಂದು ದಿನಾ ಬಸ್ಸಿನಿಂದ ಇಳಿಯುತ್ತೇನೆ. ಆಕೆ ಮೊದಲಿನ ಹಾಗೆಯೇ, "ಕೈಕಾಲು ತೊಳಕೋ, ರೊಟ್ಟಿ ಬಿಸಿ ಅದಾವು" ಎನ್ನುತ್ತಾಳೆ. ಸಿಟ್ಟಿಲ್ಲ, ಮುನಿಸಿಲ್ಲ. ಬೈದಿದ್ದರೆ ಅತ್ತುಬಿಡುತ್ತಿದ್ದೆ. ಮಂಗಳವಾರ ಒಲೆಯ ಮುಂದೆ ಕೂತು ಏಪ್ರಿಸಿಟಿ ಎಂದೆ. ಆಕೆ ರೊಟ್ಟಿ ಬಡಿಯುತ್ತಲೇ ಇದ್ದಳು. ಬುಧವಾರ ಜೋರಾಗಿ ಎರಡು ಸಲ ಹೇಳಿದೆ. ಕೇಳಿಸಲಿಲ್ಲ ಎಂಬಂತೆ ನೀರು ತರಲು ಎದ್ದುಹೋದಳು. ನಿನ್ನೆ ಸೆರಗು ಹಿಡಿದು ಕೂರಿಸಿಕೊಂಡು, "ಯವ್ವಾ, ಇದೊಂದ ಹೇಳಬೇ, ನಿನ್ನ ಹೆಸರ ಬರಿತೀನಿ" ಎಂದೆ.

ಆಕೆ ನನ್ನ ಕೆನ್ನೆ ಸವರಿ ಹೇಳಿದಳು: "ನಂಗೇನ್ ತಿಳಿತೈತಿ ಬೇ ಇಂಗ್ಲಿಷು? ನೀ ಓದಿದಾಕಿ. ನೀನ ಹೇಳು."

ಮೌನೇಶ್ವರಿ